ಹನ್ನೆರಡರಲ್ಲಿ ಮೂರು

ಕಳೆದ ವರ್ಷ ಒಂಬತ್ತು ಪಂದ್ಯ ಆಡಿದೆವು, ಒಂಬತ್ತೂ ಸೋತೆವು.
ಕೊನೆಯದು ತರೀಕೆರೆಯಲ್ಲಿ. ನಮ್ಮ ಅಂಕ ಹದಿನೇಳು.
ಅವರದ್ದನ್ನು ನಾನು ಬರೆದುಕೊಳ್ಳಲಿಲ್ಲ.
ಸೀನಿಯರ್ ಹುಡುಗಿಯರು ಶೂ ಬಿಚ್ಚಿ ಒಬ್ಬೊಬ್ಬರೇ ಹೋದರು:
ಒಬ್ಬಳು ಬಿ.ಎಡ್.ಗೆ, ಒಬ್ಬಳು ಗಂಡನ ಮನೆಗೆ,
ಒಬ್ಬಳು ಸುಮ್ಮನೆ.

ಈಗ ಭದ್ರಾವತಿಯ ಕಾಲೊನಿ ಕೋರ್ಟಿನಲ್ಲಿ
ಹನ್ನೆರಡು ಮಂದಿ ಹೊಸಬರು, ಆರು ಚೆಂಡು,
ಅದರಲ್ಲಿ ಎರಡಕ್ಕೆ ಉಸಿರಿಲ್ಲ.
ಸಮಿತಿಯವರು ಹೇಳಿದ್ದಾರೆ: ದುಡ್ಡಿರೋದು ಮೂವರಿಗೆ, ಮೇಡಂ.
ಮೂವರ ಹಾಸ್ಟೆಲು, ಮೂವರ ಮೊಟ್ಟೆ ಹಾಲು, ಮೂರು ವರ್ಷ.
ಅಲ್ಲೀತನಕ ಸೋತರೂ ಚಿಂತಿಲ್ಲ, ಇವರ ಸುತ್ತ ತಂಡ ಕಟ್ಟಿ.
ಮನೆ ಕಟ್ಟುವವನಾದರೆ ಕಂಬ ತಟ್ಟಿ ನೋಡಿಯಾನು.
ಇಲ್ಲಿ ಕಂಬ ಓಡುತ್ತದೆ,
ಜಡೆ ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತದೆ,
ಪಿಯುಸಿ ಗಣಿತದಲ್ಲಿ ಫೇಲಾಗುತ್ತದೆ.

ಬೆಳೆಯುವ ಪೈರು ಮೊಳಕೆಯಲ್ಲೇ, ಅನ್ನುತ್ತಾರೆ ಅಧ್ಯಕ್ಷ ಹಾಲಸ್ವಾಮಿ,
ಚೂಡಾಮಣಿಯ ಕಡೆ ಬೆರಳು ತೋರಿ.
ಮೊಳಕೆ ಆರಡಿ ಇದೆ.
ಕೈಯೆತ್ತಿದರೆ ಬಲೆ ಮುಟ್ಟುತ್ತಾಳೆ, ನಿಜ.
ಆದರೆ ಚೆಂಡು ರಿಂಗಿಗೆ ಬಡಿದು ಮೇಲೆದ್ದಾಗ
ಅದು ಬೀಳುವ ಜಾಗ
ಅವಳಿಗೆ ಗೊತ್ತಾಗುವುದು ಬಿದ್ದ ಮೇಲೆ.
ಎತ್ತರ ನಾನು ಕಲಿಸಲಾರೆ. ಜಾಗ ಕಲಿಸಬಹುದೆ?
ಆರು ತಿಂಗಳಿಂದ ಕಲಿಸುತ್ತಿದ್ದೇನೆ. ಗೊತ್ತಿಲ್ಲ.

ಸೆಲ್ವರಾಣಿ ಪಂದ್ಯಕ್ಕೆ ಇಪ್ಪತ್ತು ಅಂಕ ಹಾಕುತ್ತಾಳೆ,
ಪೇಪರಿನಲ್ಲಿ ಹೆಸರು ಬಂದರೆ ಅವಳದ್ದೇ.
ಹತ್ತು ಬೀಳಿಸಲು ಮೂವತ್ತನಾಲ್ಕು ಎಸೆದಳೆಂಬುದು
ನನ್ನ ಪುಸ್ತಕದಲ್ಲಿ ಮಾತ್ರ ಇದೆ.
ಎಡಕ್ಕೆ ತಿರುಗಳು. ತಿರುಗಿಸಿದರೆ ಅವಳ ಎಡಗೈ
ನೆಂಟರ ಮನೆಗೆ ಬಂದ ಮಗುವಿನ ಹಾಗೆ
ಮೈಗಂಟಿಕೊಂಡು ನಿಲ್ಲುತ್ತದೆ.
ಆದರೂ, ಮೂರು ಸಲ ತಪ್ಪಿ ನಾಲ್ಕನೆಯ ಸಲ
'ಕೊಡೇ ಇಲ್ಲಿ' ಎಂದು ಕೈ ಚಾಚುವ ಆ ಧೈರ್ಯ
ಯಾವ ಸಂತೆಯಲ್ಲಿ ತರಲಿ?

ತಬಸ್ಸುಮ್‌ಳನ್ನು ಚೆಂಡಿಲ್ಲದಾಗ ನೋಡಬೇಕು.
ಎಲ್ಲರೂ ಚೆಂಡು ನೋಡುವಾಗ
ಅವಳು ನೋಡುವವರನ್ನು ನೋಡುತ್ತಾಳೆ.
ಮೊರದಲ್ಲಿ ಅಕ್ಕಿ ಕೇರುವವಳಿಗೆ ಕಲ್ಲು ಕಂಡಂತೆ
ಖಾಲಿ ಜಾಗ ಅವಳಿಗೆ ಕಾಣುತ್ತದೆ.
ಅಧ್ಯಕ್ಷರಿಗೆ ಹೇಳಿದೆ.
'ಅದಕ್ಕೆ ಎಷ್ಟು ಅಂಕ, ಮೇಡಂ?' ಅಂದರು.
ನಾನೂ ಅವಳನ್ನು ದೇವರು ಮಾಡಲಾರೆ:
ಐದಡಿ ಒಂದಿಂಚು, ರಿಂಗಿನಡಿ ಒಬ್ಬಳೇ ನಿಂತರೂ ಎಸೆದದ್ದು ಬೀಳದು,
ಯಾರಾದರೂ ಭುಜ ಕೊಟ್ಟರೆ ಗೆರೆಯಾಚೆ ಹೋಗಿ ಕೂರುತ್ತಾಳೆ.

ಉಳಿದ ಒಂಬತ್ತು ಮಂದಿಯ ಬಗ್ಗೆ ಏನೂ ಬರೆದಿಲ್ಲ.
ಅವರೂ ಓಡುತ್ತಿದ್ದಾರೆ.
ರೇಣುಕಾಂಬ ಓಡುತ್ತಲೇ ನನ್ನ ಪೆನ್ಸಿಲು ನೋಡುತ್ತಾಳೆ.

ಎಂಬತ್ತೆಂಟರಲ್ಲಿ, ಶಿವಮೊಗ್ಗದ ಆಯ್ಕೆ ಶಿಬಿರದಲ್ಲಿ,
ಬಿಳಿ ಟೋಪಿಯ ಒಬ್ಬರು ನನ್ನ ಮಣಿಕಟ್ಟು ಹಿಡಿದು ನೋಡಿ
'ಈಕೆ ಬೆಳೀತಾಳೆ' ಎಂದು ಟಿಕ್ ಹಾಕಿದರು.
ನಾನು ಬೆಳೆಯಲಿಲ್ಲ, ಅರ್ಧ ಇಂಚೂ.
ಪಕ್ಕದಲ್ಲಿದ್ದ ಫಿಲೋಮಿನಾಳ ಹೆಸರಿಗೆ ಗೆರೆ ಎಳೆದರು.
ಅವಳೆಷ್ಟು ಬೆಳೆದಳೋ, ಯಾರೂ ಅಳೆಯಲಿಲ್ಲ.

ಏಳೂವರೆಗೆ ಕರೆಂಟು ಹೋಯಿತು.
ಕೂಗಿದರು, ನಕ್ಕರು, ಚಪ್ಪಲಿ ತಡಕಿ ಹೊರಟರು.
ಕತ್ತಲಲ್ಲೂ ಇವರ ಚೆಂಡಿನ ಸದ್ದು ನಾನು ಬಲ್ಲೆ:
ಸೆಲ್ವರಾಣಿಯದು ಅವಸರದ ಕುಟ್ಟಾಣಿ,
ಚೂಡಾಮಣಿಯದು ಬಾವಿಗೆ ಬಿದ್ದ ಕೊಡ,
ತಬಸ್ಸುಮ್‌ಳದು ನೆಲಕ್ಕೂ ಕೇಳಬಾರದು ಎಂಬಂತೆ.

ಆಚೆ ಕಂಬದ ಹತ್ತಿರ ಒಂದು ಚೆಂಡು ಇನ್ನೂ ಪುಟಿಯುತ್ತಿತ್ತು.
ಮೂರು ಪುಟಿತ, ತಪ್ಪಿತು. ಉರುಳಿದ ಸದ್ದು.
ಹುಡುಕಿ ತಂದ ಹೆಜ್ಜೆ.
ಮತ್ತೆ ಎರಡು, ತಪ್ಪಿತು.
ಯಾರೋ, ಎಡಗೈಯಲ್ಲಿ.
ಯಾರೇ ಅದು, ಅನ್ನಲು ಬಾಯಿ ತೆರೆದೆ.
ಮುಚ್ಚಿದೆ.
ಮಡಿಲಲ್ಲಿ ಪುಸ್ತಕ, ಬರೆಯಲು ಬೆಳಕಿಲ್ಲ.
ಮೂರು.
ನಾಲ್ಕು.
ಐದು